ಕೋಳಿ ತಿನ್ನದ ವೈನಿಗೇ ಮೊದಲು ವಾಂತಿ: ಮಯೋನೀಸ್ ಬಗ್ಗೆ ಕಲಬುರಗಿಯವರಿಗೊಂದು ಎಚ್ಚರಿಕೆ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಲ್ ಫಹಮ್ (ಕೆಂಡದ ಮೇಲೆ ಸುಟ್ಟ ಅರಬ್ ಶೈಲಿಯ ಕೋಳಿ), ಶವರ್ಮಾ, ಮೋಮೋ, ಏನೇ ತರಿಸಿರಿ, ಜೊತೆಗೆ ಕೊಡುವ ಬಿಳಿ ಮಯೋನೀಸ್ ಅಂಗಡಿಯಲ್ಲೇ ಹಸಿ ತತ್ತಿಯಿಂದ ಮಾಡಿದ್ದಾದರೆ ಬೇಡ ಅನ್ನಿ. ಹಸಿ ತತ್ತಿಯಲ್ಲಿ ವಾಂತಿ-ಭೇದಿ ತರುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಕೂಸುಗಳು, ವಯಸ್ಸಾದವರು, ಬಸುರಿಯರು ಇರುವ ಮನೆಗಂತೂ ಅದು ಕಾಲಿಡುವುದೇ ಬೇಡ.

ನಮ್ಮ ಮನೆಯಲ್ಲಿ ಆದದ್ದು ಇದು. ಅಣ್ಣನ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿ ಪಾಸಾದಳು. ಮೇ ತಿಂಗಳ ಒಂದು ಶನಿವಾರ ರಾತ್ರಿ ರಿಂಗ್ ರೋಡಿನ ಅಂಗಡಿಯೊಂದರಿಂದ ಪಾರ್ಸೆಲ್ ಬಂತು: ಅಲ್ ಫಹಮ್ ಕೋಳಿ, ಕುಬೂಸ್ (ಅರಬ್ಬರ ರೊಟ್ಟಿ), ಹುಡುಗರಿಗೆ ಫ್ರೆಂಚ್ ಫ್ರೈಸ್, ಜೊತೆಗೆ ಡಬ್ಬಿಗಟ್ಟಲೆ ಮಯೋನೀಸ್. ಅಂಗಡಿಯ ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದನ್ನು ಬಿಟ್ಟು ಉಳಿದ ಎಲ್ಲ ಕಡೆ ನೀವು ನಿಶ್ಚಿಂತೆಯಿಂದ ಹೋಗುತ್ತೀರಿ, ನನಗೆ ಬೇಕಾದದ್ದು ಅದಲ್ಲ.

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಶನಿವಾರ ಮಾಂಸ ಮುಟ್ಟುವುದಿಲ್ಲ, ಹಣಮಂತನ ವಾರ. ರೊಟ್ಟಿ-ಪಲ್ಯ ಉಂಡು, ಹುಡುಗರು ಕಾಡಿದ್ದಕ್ಕೆ ನಾಲ್ಕು ಫ್ರೈಸ್ ತೆಗೆದುಕೊಂಡು ಮಯೋನೀಸಿನಲ್ಲಿ ಅದ್ದಿ ತಿಂದರು. ಅದು ಹಾಲಿನ ಕೆನೆಯಿಂದ ಮಾಡಿದ್ದು ಅಂತ ಅವರ ಲೆಕ್ಕ. ತತ್ತಿ ಇರುತ್ತದೆ ಅಂತ ಗೊತ್ತಿದ್ದರೆ ಬೆರಳು ಸಹ ತಾಗಿಸುತ್ತಿರಲಿಲ್ಲ. ಇತ್ತ ನಮ್ಮ ಸೋದರಮಾವನಿಗೆ ಮಯೋನೀಸ್ ಕಂಡರೆ ಆಗುವುದಿಲ್ಲ. "ಕೋಳಿಗಿ ಬೆಣ್ಣಿ ಹಚ್ಕೊಂಡು ತಿಂತಾರೇನು?" ಅಂತ ಬೈದು, ಬೆಳ್ಳುಳ್ಳಿ ಖಾರ ಹಚ್ಚಿಕೊಂಡು ಎಲ್ಲರ ಪಾಲಿನ ಕೋಳಿಯನ್ನೂ ತಾವೇ ಮುಗಿಸಿದರು.

ಮರುದಿನ ಮಧ್ಯಾಹ್ನ ಮೊದಲು ಮಲಗಿದವರು ವೈನಿ. ವಾಂತಿ, ಹೊಟ್ಟೆ ಹಿಂಡಿದಂಥ ನೋವು, ಆಮೇಲೆ ನೀರಿನಂಥ ಭೇದಿ. ಸಂಜೆಗೆ ಹುಡುಗಿ, ರಾತ್ರಿಗೆ ಅಪ್ಪ. ಅಪ್ಪನಿಗೆ ಜ್ವರ ಎಷ್ಟಿತ್ತೆಂದರೆ ಮೇ ತಿಂಗಳ ಆ ಸೆಕೆಯಲ್ಲಿ ಕೌದಿ ಹೊದ್ದು ನಡುಗುತ್ತಿದ್ದರು. ಮಾವನಿಗೆ ಏನೂ ಆಗಲಿಲ್ಲ. ಕೋಳಿ ತಿಂದವ ಗಟ್ಟಿ, ತಿನ್ನದವಳು ಹಾಸಿಗೆಯಲ್ಲಿ. ಎಲ್ಲರೂ ಕೋಳಿಯನ್ನೇ ಬೈಯುತ್ತಿದ್ದಾಗ ನನಗೆ ಸಂಶಯ ಹುಟ್ಟಿದ್ದು ಅಲ್ಲೇ.

ಓಣಿಯ ಕ್ಲಿನಿಕ್ಕಿನಲ್ಲಿ ಅವತ್ತೇ ರಾತ್ರಿ ಅಪ್ಪನ ರಕ್ತ ತೆಗೆದು ವಿಡಾಲ್ ಟೆಸ್ಟ್ ಮಾಡಿ "ಟೈಫಾಯ್ಡ್ ಅದ" ಅಂದರು, ಒಂದು ಸಲಾಯಿನ್ ಹಚ್ಚಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಇದರ ಬಗ್ಗೆ ಸ್ವಲ್ಪ ಬಿಡಿಸಿ ಬರೆಯಲೇಬೇಕು, ಯಾಕೆಂದರೆ ನಮ್ಮ ಕಡೆ ಜ್ವರ ಬಂದ ಅರ್ಧ ಮಂದಿಯ ಕೈಯಲ್ಲಿ ವಿಡಾಲ್ ಚೀಟಿ ಇರುತ್ತದೆ. ಟೈಫಾಯ್ಡ್ ತರುವುದೂ ಸಾಲ್ಮೊನೆಲ್ಲಾ ಕುಲದ್ದೇ ಒಂದು ಬ್ಯಾಕ್ಟೀರಿಯಾ, ಆದರೆ ಅದು ಬೇರೆ ಜಾತಿಯ ಬ್ಯಾನಿ. ಅದು ಮನುಷ್ಯರಿಂದ ಮನುಷ್ಯರಿಗೆ, ಹೊಲಸಾದ ನೀರು ಮತ್ತು ಆಹಾರದ ಮೂಲಕ ಬರುವಂಥದ್ದು, ಒಳಹೊಕ್ಕ ಮೇಲೆ ಸಾಮಾನ್ಯವಾಗಿ ಒಂದರಿಂದ ಮೂರು ವಾರಕ್ಕೆ ಜ್ವರವಾಗಿ ಕಾಣಿಸುತ್ತದೆ. ಕೋಳಿ, ತತ್ತಿ, ಮಾಂಸ, ಹಸಿ ಹಾಲಿನಿಂದ ಬರುವ ಸಾಲ್ಮೊನೆಲ್ಲಾ ಇನ್ನೊಂದು ಗುಂಪಿನದು. ಅದು ತಿಂದ 6 ತಾಸಿನಿಂದ 6 ದಿನದೊಳಗೆ ವಾಂತಿ, ಭೇದಿ, ಹೊಟ್ಟೆನೋವು, ಜ್ವರವಾಗಿ ಏಳುತ್ತದೆ. ಹೆಚ್ಚಿನವರಲ್ಲಿ ನಾಲ್ಕರಿಂದ ಏಳು ದಿನಕ್ಕೆ ತಾನೇ ಇಳಿಯುತ್ತದೆ. ವಿಡಾಲ್ ಹುಡುಕುವುದು ರಕ್ತದಲ್ಲಿನ ಪ್ರತಿಕಾಯಗಳನ್ನು, ಅಂದರೆ ಸೋಂಕಿನ ವಿರುದ್ಧ ಮೈ ತಾನೇ ತಯಾರಿಸುವ ಪ್ರೋಟೀನುಗಳನ್ನು. ಅವು ಏರಲು ಸುಮಾರು ಒಂದು ವಾರ ಬೇಕು. ಹಿಂದೆಂದೋ ಟೈಫಾಯ್ಡ್ ಆಗಿದ್ದರೂ, ಲಸಿಕೆ ಹಾಕಿಸಿಕೊಂಡಿದ್ದರೂ, ಅದೇ ಕುಲದ ಬೇರೆ ಸೋಂಕಿದ್ದರೂ ಅದು ಪಾಸಿಟಿವ್ ತೋರಿಸಬಹುದು. ಭೇದಿ ಶುರುವಾದ ದಿನವೇ ಮಾಡಿಸಿದ ವಿಡಾಲ್ ಚೀಟಿಯನ್ನು ನಂಬಿ ಟೈಫಾಯ್ಡ್ ಚಿಕಿತ್ಸೆಗೆ ಕೂಡಬೇಡಿ. ಮಲದ ಕಲ್ಚರ್ (ಮಾದರಿಯಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ), ಜ್ವರ ಜೋರಿದ್ದರೆ ರಕ್ತದ ಕಲ್ಚರ್, ಖರೇ ಉತ್ತರ ಸಿಗುವುದು ಇವುಗಳಿಂದ. ಎರಡು-ಮೂರು ದಿನ ಕಾಯಬೇಕಾಗುತ್ತದೆ ಅನ್ನುವುದೊಂದೇ ತೊಡಕು.

ಅಪ್ಪ ಬೆಳಗಿನ ಜಾವ ಬಾತ್‌ರೂಮಿಗೆ ಹೋಗುವಾಗ ಕುಸಿದು ಕೂತರು. ಬಿಪಿ ಪೂರ್ತಿ ಇಳಿದಿತ್ತು, ರಾತ್ರಿಯಿಂದ ಮೂತ್ರವೇ ಆಗಿರಲಿಲ್ಲ. ದೊಡ್ಡ ದವಾಖಾನೆಗೆ ಒಯ್ದಾಗ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚಾಗುವ ಅಂಶ) ಏರಿತ್ತು. ಮೈಯ ನೀರು ಹೋಗಿ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂದರು. ಆಮೇಲೆ ಬಂದ ಮಲದ ಕಲ್ಚರಿನಲ್ಲಿ ಸಾಲ್ಮೊನೆಲ್ಲಾ ಅಂತಲೇ ಬಂತು, ಟೈಫಾಯ್ಡಿನದಲ್ಲ. ಅಪ್ಪ ಈಗ ಆರಾಮ ಇದ್ದಾರೆ, ಕಿಡ್ನಿಯೂ ಸುಧಾರಿಸಿದೆ.

ಅಲ್ಲಿನ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಯಾರ್ಯಾರು ಏನೇನು ತಿಂದ್ರಿ, ಒಬ್ಬೊಬ್ಬರದೇ ಹೇಳ್ರಿ." ನಾನು ಹೇಳುತ್ತ ಹೋದೆ, ಅವರು ಕಾಗದದಲ್ಲಿ ಗೆರೆ ಎಳೆದು ಬರೆಯುತ್ತ ಹೋದರು. ಮಲಗಿದ ಮೂವರಿಗೂ ಸೇರಿದ್ದು ಮಯೋನೀಸ್ ಒಂದೇ. "ಹಂಗಂತ ಅದ್ರಿಂದಾನೇ ಅಂತ ನಾ ಬರದು ಕೊಡ್ಲಾಕ ಬರಲ್ಲರಿ, ಅದು ಟೆಸ್ಟ್ ಆಗಿಲ್ಲ" ಅಂತಲೂ ಅಂದರು. ಸರಿಯಾದ ಮಾತು. ಡಬ್ಬಿಗಳನ್ನು ಅಷ್ಟರಲ್ಲಿ ಕಸದ ಗಾಡಿ ಒಯ್ದಾಗಿತ್ತು. ಅವರು ಕೇಳಿದ ಇನ್ನೊಂದು ಪ್ರಶ್ನೆ, "ಅಪ್ಪಾರು ಗ್ಯಾಸಿನ ಗುಳಿಗಿ ತಗೋತಾರೇನು?" ತಗೋತಾರೆ, ಎಷ್ಟೋ ವರ್ಷದಿಂದ, ದಿನಾ ಬೆಳಗ್ಗೆ ಚಹಾಕ್ಕಿಂತ ಮೊದಲು. ಹೊಟ್ಟೆಯ ಆಮ್ಲ ಇಂಥ ಬ್ಯಾಕ್ಟೀರಿಯಾಗಳಿಗೆ ಮೊದಲ ಕಾವಲು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಗುಳಿಗೆಗಳು ಆ ಆಮ್ಲವನ್ನೇ ಕಡಿಮೆ ಮಾಡುತ್ತವೆ, ಹಾಗಾಗಿ ಸ್ವಲ್ಪವೇ ಬ್ಯಾಕ್ಟೀರಿಯಾ ಹೊಕ್ಕರೂ ದಾಟಿಕೊಂಡು ಕರುಳಿಗೆ ಹೋಗುತ್ತವೆ. ನಮ್ಮ ಊರಲ್ಲಿ ಎಪ್ಪತ್ತು ದಾಟಿದವರಲ್ಲಿ ಈ ಗುಳಿಗೆ ನುಂಗದವರು ಯಾರಿದ್ದಾರೆ? ಡಾಕ್ಟರನ್ನು ಕೇಳದೆ ಅದನ್ನು ಬಿಡಬೇಡಿ. ಆದರೆ ಅಂಥವರ ತಾಟಿಗೆ ಏನು ಬಡಿಸುತ್ತೀರಿ ಅನ್ನುವುದರ ಮೇಲೆ ಕಣ್ಣಿರಲಿ.

ಅಣ್ಣ ಅಂಗಡಿಗೆ ಹೋಗಿ ಕೇಳಿದ್ದಕ್ಕೆ ಮಾಲೀಕ ಅಂದದ್ದು, "ಅವತ್ತು ನೂರು ಮಂದಿ ತಿಂದಾರ್ರಿ, ನಿಮ್ಮ ಮನ್ಯಾಗಷ್ಟೇ ಹ್ಯಾಂಗ ಬ್ಯಾನಿ ಬಂತು?" ಕೇಳಲು ತರ್ಕಬದ್ಧ ಅನ್ನಿಸುತ್ತದೆ. ಆದರೆ ಬ್ಯಾನಿ ಬಂದವರೆಲ್ಲ ಅವನಿಗೆ ಹೇಳಲು ಹೋಗುತ್ತಾರೆಯೇ? ಮೂರು ದಿನ ಭೇದಿಯಾದರೆ "ಬಿಸಿಲಿಗೆ ಹೊಟ್ಟಿ ಕೆಟ್ಟದ" ಅಂದು ಮಜ್ಜಿಗೆ ಕುಡಿದು ಸುಮ್ಮನಾಗುವವರೇ ಹೆಚ್ಚು. ಒಂದೇ ಬೋಗುಣಿಯಿಂದ ತೆಗೆದರೂ ಸಂಜೆ ಆರಕ್ಕೆ ತಿಂದವನಿಗೆ ಸಿಕ್ಕಷ್ಟೇ ಬ್ಯಾಕ್ಟೀರಿಯಾ ರಾತ್ರಿ ಹನ್ನೊಂದಕ್ಕೆ ತಿಂದವನಿಗೂ ಸಿಗುವುದಿಲ್ಲ. ಲೆಕ್ಕ ಹಾಕಿ ನೋಡಿ: ಈ ಬ್ಯಾಕ್ಟೀರಿಯಾಕ್ಕೆ ಎಲ್ಲಕ್ಕಿಂತ ಹಿಡಿಸುವ ಉಷ್ಣತೆ ನಮ್ಮ ಮೈಯದೇ, 37 ಡಿಗ್ರಿ ಸೆಲ್ಸಿಯಸ್. ಬೇಕಾದಷ್ಟು ತೇವ, ಆಹಾರ, ಸೆಕೆ ಸಿಕ್ಕು ಅರ್ಧ ತಾಸಿಗೊಮ್ಮೆ ಇಮ್ಮಡಿಯಾಯಿತು ಅಂದುಕೊಂಡರೂ ಒಂದು ಬ್ಯಾಕ್ಟೀರಿಯಾ ಐದು ತಾಸಿನಲ್ಲಿ ಸಾವಿರ ದಾಟುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಹಗಲು 42 ಮುಟ್ಟುತ್ತದೆ, ಒಲೆಯ ಬದಿಯ ಕಟ್ಟೆಯ ಮೇಲಿಟ್ಟ ಬೋಗುಣಿಗೆ ರಾತ್ರಿಯೂ ತಂಪಿಲ್ಲ. ಬೇಯಿಸಿದ್ದಾಗಲಿ ತತ್ತಿ-ಹಾಲಿನದಾಗಲಿ, ಹೊರಗಿಟ್ಟರೆ ಎರಡು ತಾಸು ಅನ್ನುವುದು ಸಾಮಾನ್ಯ ನಿಯಮ. ಹೊರಗಿನ ಸೆಕೆ 32 ಡಿಗ್ರಿ ದಾಟಿದರೆ ಒಂದೇ ತಾಸು. ಅಂದರೆ ನಮ್ಮ ಬೇಸಗೆಗೆ ಒಂದೇ ತಾಸು.

ಮಯೋನೀಸ್ ಮಾಡುವುದನ್ನು ನೋಡಿದವರಿಗೆ ಗೊತ್ತು: ಹಸಿ ತತ್ತಿ, ಎಣ್ಣೆ, ಸ್ವಲ್ಪ ವಿನೆಗರ್ ಇಲ್ಲವೇ ನಿಂಬೆ ಹುಳಿ, ಬೆಳ್ಳುಳ್ಳಿ, ಮಿಕ್ಸರ್. ಒಲೆಯ ಮುಖ ಅದು ಕಾಣುವುದೇ ಇಲ್ಲ. ತತ್ತಿಯ ಮೇಲೆ ಹತ್ತಿದ ಕೋಳಿಯ ಹಿಕ್ಕೆ ಒಂದು ದಾರಿ. ಇನ್ನೊಂದು ದಾರಿ ಕಣ್ಣಿಗೆ ಕಾಣದ್ದು. ಸೋಂಕಿದ ಕೋಳಿಯ ಅಂಡಾಶಯದಲ್ಲೇ ಸಾಲ್ಮೊನೆಲ್ಲಾ ಸೇರಿಕೊಂಡಿದ್ದರೆ ಚಿಪ್ಪು ಕಟ್ಟುವ ಮೊದಲೇ ತತ್ತಿಯೊಳಗೆ ಹೋಗಿರುತ್ತದೆ. ಅಂಥ ತತ್ತಿ ಹೊರಗಿನಿಂದ ಸ್ವಚ್ಛ, ಒಡೆದರೂ ತಾಜಾ. ವಾಸನೆಯಿಲ್ಲ, ರುಚಿಗೆಟ್ಟಿಲ್ಲ. ಹಾಗಾಗಿ "ರುಚಿ ಛಲೋ ಇತ್ತಲ್ಲ" ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಅಂಗಡಿಯವ ನೂರು ತತ್ತಿ ಒಂದೇ ಸಲಕ್ಕೆ ಮಿಕ್ಸರಿಗೆ ಹಾಕಿದರೆ, ಅದರಲ್ಲಿ ಒಂದು ಕೆಟ್ಟದ್ದಿದ್ದರೂ ಬೋಗುಣಿ ಪೂರ್ತಿ ಹಬ್ಬುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಅದು ಬೆಳೆಯುವುದು ನಿಲ್ಲುತ್ತದೆ, ಸಾಯುವುದಿಲ್ಲ. ಸಾಯಬೇಕಾದರೆ ತತ್ತಿಗೆ 71 ಡಿಗ್ರಿ, ಕೋಳಿಗೆ 74 ಡಿಗ್ರಿ ಕಾವು ಒಳತನಕ ಮುಟ್ಟಬೇಕು.

ಇದು ನನ್ನೊಬ್ಬನ ಭಯವಲ್ಲ. ಕೇರಳ 2023ರ ಜನವರಿಯಲ್ಲೇ ಹಸಿ ತತ್ತಿಯ ಮಯೋನೀಸ್ ನಿಲ್ಲಿಸಿತು. ಹೈದರಾಬಾದಿನಲ್ಲಿ ಮೋಮೋ ತಿಂದು ಒಬ್ಬರು ಸತ್ತು ಹಲವರು ಮಲಗಿದ ಮೇಲೆ 2024ರ ಅಕ್ಟೋಬರ್ ಕೊನೆಗೆ ತೆಲಂಗಾಣ ಒಂದು ವರ್ಷದ ನಿಷೇಧ ಹಾಕಿತು. 2025ರ ಏಪ್ರಿಲ್‌ನಲ್ಲಿ ತಮಿಳುನಾಡೂ ಅದನ್ನೇ ಮಾಡಿತು. ಹೈದರಾಬಾದಿನ ತಿನಿಸೆಲ್ಲ ಬೀದರ, ಕಲಬುರಗಿಗೆ ಎರಡು ದಿನದಲ್ಲಿ ಬಂದು ಮುಟ್ಟುತ್ತದೆ, ಅಲ್ಲಿಯ ಎಚ್ಚರಿಕೆ ಮಾತ್ರ ಗಡಿಯ ಜಹೀರಾಬಾದಿನ ಆಚೆಯೇ ನಿಂತುಬಿಡುತ್ತದೆ.

ಹಾಗಾದರೆ ಮಯೋನೀಸ್ ತಿನ್ನಲೇಬಾರದೆ? ತಿನ್ನಿ. ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕಿ ಇರುವ, ತತ್ತಿ ಇಲ್ಲದ್ದು ಸಿಗುತ್ತದೆ. ಪಾಶ್ಚರೀಕರಿಸಿದ, ಅಂದರೆ ಹದವಾಗಿ ಕಾಯಿಸಿ ಬ್ಯಾಕ್ಟೀರಿಯಾ ಕೊಂದ ತತ್ತಿಯದೂ ಸಿಗುತ್ತದೆ. ಪ್ಯಾಕೆಟ್ಟು ಒಡೆದ ಮೇಲೆ ಅವೂ ಫ್ರಿಜ್ಜಿನಲ್ಲೇ ಇರಬೇಕು. ಅಂಗಡಿಯಲ್ಲಿ ನೇರವಾಗಿ ಕೇಳಿ, "ಇದು ತತ್ತೀದೇನು? ಯಾವಾಗ ಮಾಡೀರಿ? ಫ್ರಿಜ್ಜಿನ್ಯಾಗ ಇಟ್ಟೀರೇನು?" ಮುಖ ಸಿಂಡರಿಸಿದರೆ ನಿಮಗೆ ಉತ್ತರ ಸಿಕ್ಕಂತೆ. (ನನ್ನನ್ನು ಕೇಳಿದರೆ ಶೇಂಗಾ ಹಿಂಡಿಯ ಮುಂದೆ ಮಯೋನೀಸಿಗೆ ರುಚಿಯೇ ಇಲ್ಲ, ಆದರೆ ಈಗಿನ ಹುಡುಗರಿಗೆ ಯಾರು ಹೇಳಬೇಕು.)

ಮನೆಯ ವಿಷಯಕ್ಕೆ ಬಂದರೆ, ಗರಡಿ ಮನೆ ಮತ್ತು ಜಿಮ್ಮಿನ ಹುಡುಗರಿಗೆ ಒಂದು ಮಾತು. ಹಾಲಿಗೆ ಹಸಿ ತತ್ತಿ ಒಡೆದು ಕುಡಿಯುವುದರಿಂದ ಶಕ್ತಿ ಹೆಚ್ಚು ಬರುವುದಿಲ್ಲ. ಬೇಯಿಸಿದ ತತ್ತಿಯ ಪ್ರೋಟೀನೇ ಮೈಗೆ ಚೆನ್ನಾಗಿ ಹತ್ತುತ್ತದೆ. ಹಳದಿ ಗಟ್ಟಿಯಾಗುವ ತನಕ ಬೇಯಲಿ. ಸೀಳು ಬಿಟ್ಟ ತತ್ತಿ ಅಗ್ಗಕ್ಕೆ ಸಿಕ್ಕರೂ ಬೇಡ.

ಕೋಳಿ ತೊಳೆಯುವ ವಿಷಯದಲ್ಲಿ ನಮ್ಮ ಮನೆಯಲ್ಲೇ ಜಗಳವಾಯಿತು. ನಳದ ಕೆಳಗೆ ಹಿಡಿದು ತೊಳೆದರೆ ಹನಿ ಸಿಡಿದು ಸಿಂಕು, ಪಕ್ಕದ ತಾಟು, ಹೆಚ್ಚಿಟ್ಟ ಕೊತ್ತಂಬರಿ ಎಲ್ಲಕ್ಕೂ ಹತ್ತುತ್ತದೆ. ಬ್ಯಾಕ್ಟೀರಿಯಾ ಸಾಯುವುದು ಬೇಯಿಸಿದಾಗ, ತೊಳೆದಾಗಲ್ಲ, ಹಾಗಾಗಿ ತೊಳೆಯದಿರುವುದೇ ಉತ್ತಮ. ಅವ್ವನಿಗೆ ಇದು ಯಾವ ಜನ್ಮಕ್ಕೂ ಒಪ್ಪಿಗೆಯಿಲ್ಲ. ಕೊನೆಗೆ ಆದ ರಾಜಿ ಹೀಗೆ: ಬುಟ್ಟಿಯಲ್ಲಿ ನೀರು ಹಾಕಿ ಸಿಡಿಯದಂತೆ ಒಮ್ಮೆ ಅಲುಗಿಸಿ ಚೆಲ್ಲುವುದು, ಕೂಡಲೇ ಸಿಂಕನ್ನು ಸೋಪು ಹಾಕಿ ತಿಕ್ಕುವುದು, ಕೈಯನ್ನೂ ಸೋಪಿನಿಂದಲೇ ತೊಳೆಯುವುದು. ಕೋಳಿ ಕತ್ತರಿಸಿದ ಚಾಕು-ಮಣೆಯಲ್ಲಿ ಉಳ್ಳಾಗಡ್ಡಿ, ನಿಂಬೆಹಣ್ಣು ಹೆಚ್ಚುವುದು ಮಾತ್ರ ಪೂರ್ತಿ ಬಂದ್. ನಳದ ನೀರು ದಿನಾ ಬರದ ಓಣಿಗಳಲ್ಲಿ ಇದು ತ್ರಾಸು ಅಂತ ಗೊತ್ತು, ಆದರೂ ಬೇರೆಲ್ಲಾದರೂ ನೀರು ಉಳಿಸಿ, ಇಲ್ಲಿ ಬೇಡ. ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ನಾಲ್ಕು ತಾಸು ಒಳಗಿನದು ತಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಮಾಂಸದ ಸಾರನ್ನು ಚೆಲ್ಲುವುದೇ ಒಳ್ಳೆಯದು.

ಬ್ಯಾನಿ ಬಂದೇಬಿಟ್ಟರೆ ಕೆಲಸ ಮಾಡುವುದು ಉಪ್ಪು-ಸಕ್ಕರೆಯ ದ್ರಾವಣ, ಅಂದರೆ ಓಆರ್‌ಎಸ್. ದೊಡ್ಡ ಪುಡಿ ಪ್ಯಾಕೆಟ್ಟು, ಒಂದು ಲೀಟರ್ ಕುದಿಸಿ ಆರಿಸಿದ ನೀರು, ಗುಟುಕು ಗುಟುಕಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಗುಟುಕು. ಬಣ್ಣದ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಸೂತ್ರಕ್ಕೆ ತಕ್ಕಂತಿಲ್ಲದವುಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಇರಕೂಡದು ಅಂತ 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಆದೇಶವನ್ನೇ ಹೊರಡಿಸಿತು. ಊಟ ಬಿಡಿಸಬೇಡಿ, ಮಸರನ್ನ ನಡೆಯುತ್ತದೆ. ಕೂಸು ಮೊಲೆಹಾಲು ಕುಡಿಯುತ್ತಿದ್ದರೆ ಕೊಡುತ್ತಲೇ ಇರಿ.

ಮೆಡಿಕಲ್ಲಿನಲ್ಲಿ ಕೇಳಿದರೆ ಕೈಗಿಡುವುದು ಎರಡು: ಭೇದಿ ಕಟ್ಟುವ ಲೋಪೆರಮೈಡ್, ಒಂದು ಆಂಟಿಬಯೋಟಿಕ್. ಜ್ವರ ಇದ್ದಾಗ, ಮಲದಲ್ಲಿ ರಕ್ತ ಕಂಡಾಗ ಲೋಪೆರಮೈಡ್ ಅಪಾಯ. ಗಟ್ಟಿಮುಟ್ಟಾದವರ ಸಾಧಾರಣ ಸಾಲ್ಮೊನೆಲ್ಲಾ ಭೇದಿಗೆ ಆಂಟಿಬಯೋಟಿಕ್ ಬೇಕಾಗುವುದಿಲ್ಲ, ಕೊಟ್ಟರೆ ಮಲದಲ್ಲಿ ಬ್ಯಾಕ್ಟೀರಿಯಾ ಇನ್ನಷ್ಟು ದಿನ ಉಳಿಯಬಹುದು. ವೈನಿಗೂ ಹುಡುಗಿಗೂ ಓಆರ್‌ಎಸ್ ಬಿಟ್ಟು ಬೇರೇನೂ ಬೇಕಾಗಲಿಲ್ಲ. ಅಪ್ಪನಂಥ ವಯಸ್ಸಾದವರಿಗೆ, ಎಳೆಗೂಸುಗಳಿಗೆ, ಕ್ಯಾನ್ಸರ್ ಚಿಕಿತ್ಸೆಯಂಥದ್ದರಿಂದ ರೋಗನಿರೋಧಕ ಶಕ್ತಿ ಇಳಿದವರಿಗೆ ಅದು ರಕ್ತಕ್ಕೆ ಹೋಗುವ ಭಯ ಇರುವುದರಿಂದ ಆಂಟಿಬಯೋಟಿಕ್ ಕೊಡುತ್ತಾರೆ, ಆದರೆ ಅದನ್ನು ತೀರ್ಮಾನಿಸಬೇಕಾದವರು ಡಾಕ್ಟರು. ಜ್ವರ 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ, ಮೂತ್ರ ನಿಂತರೆ, ಮಂಪರು ಹತ್ತಿದರೆ, ಭೇದಿ ಮೂರು ದಿನ ಮೀರಿದರೆ ಓಣಿಯಲ್ಲಿ ಸಲಾಯಿನ್ ಹಚ್ಚಿಸಿಕೊಳ್ಳುತ್ತ ಕೂಡಬೇಡಿ, 108ಕ್ಕೆ ಫೋನ್ ಮಾಡಿ ದೊಡ್ಡ ದವಾಖಾನೆಗೆ ಹೋಗಿ. ಭೇದಿ ನಿಂತ ಮೇಲೂ ಕೆಲವು ವಾರ ಮಲದಲ್ಲಿ ಬ್ಯಾಕ್ಟೀರಿಯಾ ಹೋಗುತ್ತಿರುತ್ತದೆ, ಆ ಹೊತ್ತಿನಲ್ಲಿ ಕಾರ್ಯದ ಮನೆಯ ಅಡುಗೆಗೆ ಕೈ ಹಾಕುವುದು ಬೇಡ.

ದೂರು ಕೊಡುವವರಿಗೆ: ಉಳಿದ ತಿನಿಸನ್ನು ಚೆಲ್ಲದೆ ಮುಚ್ಚಿ ಫ್ರಿಜ್ಜಿನಲ್ಲಿಡಿ, ಬಿಲ್ಲಿನ ಫೋಟೋ ತೆಗೆಯಿರಿ, ಅದರ ಮೇಲೆ ಎಫ್‌ಎಸ್‌ಎಸ್‌ಎಐದ 14 ಅಂಕಿಯ ಪರವಾನಗಿ ನಂಬರು ಇದೆಯೋ ನೋಡಿ. ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಬರೆದು ಕೊಡಬಹುದು, ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲೂ ಹಾಕಬಹುದು. ನಾವೂ ಕೊಟ್ಟಿದ್ದೇವೆ. ಅಂಗಡಿ ಇನ್ನೂ ನಡೆಯುತ್ತಿದೆ, ಮೊನ್ನೆ ಆ ದಾರಿಯಲ್ಲಿ ಹೋಗುವಾಗ ನೋಡಿದೆ. ಮಯೋನೀಸಿನ ಬೋಗುಣಿ ಈಗಲೂ ಕಟ್ಟೆಯ ಮೇಲೆಯೇ ಇದೆ.