ಚೊಕೆಕಿರಾವ್, ಸಿಯುದಾದ್ ಪೆರ್ದಿದಾ: ಎರಡಕ್ಕೂ ನಡೆದು ಹೋಗಿ ಬಂದ ಮೇಲೆ

ಇನ್ನೊಮ್ಮೆ ಒಂದಕ್ಕೇ ಹೋಗು ಅಂದರೆ ನಾನು ಪೆರುವಿನ ಹಾಳೂರು ಚೊಕೆಕಿರಾವ್‌ಗೇ ಹೋಗುತ್ತೇನೆ. ಕೊಲಂಬಿಯಾದ ಸಿಯುದಾದ್ ಪೆರ್ದಿದಾ ಚೆನ್ನಾಗಿಲ್ಲ ಅಂತಲ್ಲ. ಆದರೆ ನಾಲ್ಕು ದಿನದ ನಡಿಗೆಯಲ್ಲಿ ಆ ಹಾಳೂರಿನ ಒಳಗೆ ಇದ್ದದ್ದು ಒಂದೇ ಬೆಳಗ್ಗೆ. ಆ ಕೊರಗು ನನಗೆ ಇನ್ನೂ ಹೋಗಿಲ್ಲ.

ಎರಡಕ್ಕೂ ರಸ್ತೆ ಇಲ್ಲ. ನಡೆಯಬೇಕು, ಇಲ್ಲವೇ ಹೇಸರಗತ್ತೆ ಹಿಡಿಯಬೇಕು. ನಾನೂ ತಮ್ಮನೂ ಮೊದಲು ಹೋದದ್ದು ಕೊಲಂಬಿಯಾಕ್ಕೆ. ಸಿಯುದಾದ್ ಪೆರ್ದಿದಾ ಇರುವುದು ಸಾಂತಾ ಮಾರ್ತಾದ ಸಿಯೆರಾ ನೆವಾದಾ ಬೆಟ್ಟಗಳಲ್ಲಿ. ಕ್ರಿ.ಶ. 800ರ ಸುಮಾರಿಗೆ ತೈರೋನಾ ಜನ ಕಟ್ಟಿದ ಊರು, ಪೆರುವಿನ ಹೆಸರಾಂತ ಇಂಕಾ ಹಾಳೂರು ಮಾಚು ಪಿಚುಗಿಂತ ಆರು ಶತಮಾನ ಹಳೆಯದು. ನಿಧಿಗಳ್ಳರು 1970ರ ದಶಕದಲ್ಲಿ ಅಗೆದು ಮಾರತೊಡಗಿದ ಮೇಲೆಯೇ ಹೊರಗಿನವರಿಗೆ ಇದರ ಸುದ್ದಿ ತಿಳಿದದ್ದು.

ಅಲ್ಲಿ ಗೈಡ್ ಇಲ್ಲದೆ ಬಿಡುವುದಿಲ್ಲ. ಗುಂಪಿನ ಜೊತೆಗೇ ಹೋಗಬೇಕು. ದರ ಎಲ್ಲ ಏಜೆನ್ಸಿಯಲ್ಲೂ ಹೆಚ್ಚುಕಡಿಮೆ ಒಂದೇ. ಊಟ, ಸೊಳ್ಳೆಪರದೆ ಕಟ್ಟಿದ ಹಾಸಿಗೆ, ಎಲ್ಲ ಅದರಲ್ಲೇ ಬರುತ್ತದೆ. ಸಸ್ಯಾಹಾರಿ ಅಂದರೆ ಅನ್ನ, ಬೇಳೆ, ಬಾಳೆಕಾಯಿ ಕರಿದದ್ದು ಕೊಡುತ್ತಾರೆ. ದಾರಿಯಲ್ಲಿ ಅಲ್ಲಲ್ಲಿ ಕಲ್ಲಂಗಡಿ, ಅನಾನಸ್ ಹೋಳು. ಈ ವಿಷಯದಲ್ಲಿ ಕೊಲಂಬಿಯಾವೇ ಮೇಲು.

ಮೂರನೇ ದಿನ ಬೆಳಗ್ಗೆ ಬುರಿತಾಕಾ ಹೊಳೆ ದಾಟಿ, ಪಾಚಿ ಹಿಡಿದ ಸುಮಾರು 1,200 ಮೆಟ್ಟಿಲು ಹತ್ತಿದೆವು. ಮೇಲೆ ಕಾಡಿನ ನಡುವೆ ದುಂಡನೆಯ ಕಲ್ಲುಜಗಲಿಗಳು, ಒಂದರ ಮೇಲೊಂದು. ಮನೆಗಳು ಮರ, ಹುಲ್ಲಿನವು, ಅವು ಎಂದೋ ಮಣ್ಣಾದವು. ಉಳಿದದ್ದು ಅಡಿಪಾಯದ ಕಲ್ಲಿನ ಬಳೆಗಳು ಮಾತ್ರ. ಹಾಗಾಗಿ ಅಲ್ಲಿ ಕೂತು, ಇಲ್ಲಿ ಒಲೆ ಇತ್ತೇನೋ, ಬಾಗಿಲು ಯಾವ ಕಡೆಗಿತ್ತೋ ಅಂತ ಯೋಚಿಸುವುದಕ್ಕೆ ಸಮಯ ಬೇಕು. ಮಧ್ಯಾಹ್ನದ ಮಳೆಗೆ ಮೊದಲು ಕ್ಯಾಂಪ್ ಸೇರಬೇಕು ಅಂತ ಗೈಡ್ ಹೊರಡಿಸಿದರು. ಅವರು ಹೇಳಿದ್ದು ಸರಿಯೇ. ನನಗೆ ಮಾತ್ರ ಅರ್ಧ ಊಟದಿಂದ ಎದ್ದು ಬಂದ ಹಾಗಾಯಿತು.

ಅಲ್ಲಿ ಮನಸ್ಸಿಗೆ ಹತ್ತಿರವಾದದ್ದು ಇನ್ನೊಂದು. ದಾರಿಯುದ್ದಕ್ಕೂ ಅಲ್ಲಿನ ಮೂಲ ಜನರಾದ ಕೋಗಿಗಳ ಊರುಗಳು ಸಿಗುತ್ತವೆ. ಗಂಡಸರ ಕೈಯಲ್ಲಿ ಸೋರೆಬುರುಡೆಯ ಪೊಪೊರೊ. ಅದರೊಳಗೆ ಕಡಲ ಚಿಪ್ಪು ಸುಟ್ಟ ಸುಣ್ಣ. ಬಾಯಲ್ಲಿ ಕೋಕಾ ಎಲೆ ಅಗಿಯುತ್ತಾ, ಕಡ್ಡಿಯಿಂದ ಸುಣ್ಣ ತೆಗೆದು ನಾಲಿಗೆಗೆ ಮುಟ್ಟಿಸುತ್ತಾರೆ. ನಮ್ಮ ಕರಾವಳಿಯ ಚಿಪ್ಪುಸುಣ್ಣ, ಅಜ್ಜಿಯ ಎಲೆಅಡಿಕೆ ತಟ್ಟೆ ನೆನಪಾಗದೇ ಇರುತ್ತಾ?

ಎರಡು ವರ್ಷ ಬಿಟ್ಟು ಚೊಕೆಕಿರಾವ್‌ಗೆ ಹೋದೆವು. ಸುಮಾರು 3,000 ಮೀಟರ್ ಎತ್ತರದಲ್ಲಿರುವ ಇಂಕಾ ಊರು. ಇಲ್ಲಿ ಗೈಡ್ ಕಡ್ಡಾಯವಿಲ್ಲ. ನಡಿಗೆ ಶುರುವಾಗುವ ಕಚೋರಾ ಊರಿನಲ್ಲಿ ಹೇಸರಗತ್ತೆ ಹೊಡೆಯುವವರೊಬ್ಬರನ್ನು ಗೊತ್ತು ಮಾಡಿಕೊಂಡೆವು. ಕೂಲಿ ದಿನದ ಲೆಕ್ಕ, ಅವರ ವಾಪಸ್ಸು ದಿನಕ್ಕೂ ಸೇರಿಸಿ ಕೊಡಬೇಕು. ಇದನ್ನು ಮೊದಲೇ ಮಾತಾಡಿಕೊಳ್ಳಿ.

ತೊಂದರೆ ಇರುವುದು ದಾರಿಯಲ್ಲಿ. ಕಣಿವೆಯ ಅಂಚಿನ ಕಪುಲಿಯೋಕ್‌ನಿಂದ ಕೆಳಗಿನ ಅಪುರಿಮಾಕ್ ನದಿಗೆ ಸುಮಾರು 1,400 ಮೀಟರ್ ಇಳಿಯಬೇಕು. ರೊಸಲಿನಾದಲ್ಲಿ ಸೇತುವೆ ದಾಟಿ ಮತ್ತೆ ಅಷ್ಟೇ ಹತ್ತಬೇಕು. ವಾಪಸ್ಸು ಬರುವಾಗ ಇದೇ ಇನ್ನೊಮ್ಮೆ. ಕುಮಾರಪರ್ವತ ಹತ್ತಿಳಿದವರಿಗೆ ಈ ಲೆಕ್ಕ ತಕ್ಷಣ ತಿಳಿಯುತ್ತದೆ.

ಅದಕ್ಕೂ ನಾವು ತಯಾರಾಗಿಯೇ ಹೋಗಿದ್ದೆವು. ಕೆಡಿಸಿದ್ದು ಬಿಸಿಲು. ಕುಸ್ಕೋ ನಗರದಲ್ಲಿ ದಾರಿ ಕೇಳಿದಾಗ ಒಬ್ಬರು, ಎರಡನೇ ದಿನ ತಿಂಡಿ ಮುಗಿಸಿ ನಿಧಾನಕ್ಕೆ ಹೊರಡಿ, ಸಾಕು ಅಂದಿದ್ದರು. ನಂಬಿದೆವು. ಸೇತುವೆ ದಾಟಿದಾಗ ಒಂಬತ್ತೂವರೆ. ಆ ಗುಡ್ಡದ ಮೈಯಲ್ಲಿ ನೆರಳು ಕೊಡುವ ಮರವೇ ಕಮ್ಮಿ. ಅಂಕುಡೊಂಕಿನ ಒಂದೊಂದು ತಿರುವಿಗೂ ಬಿಸಿಲು ಮುಖಕ್ಕೆ, ಇಲ್ಲ ಬೆನ್ನಿಗೆ. ಹನ್ನೊಂದರ ಹೊತ್ತಿಗೆ ಇಬ್ಬರ ನೀರೂ ಮುಗಿಯುತ್ತಾ ಬಂದಿತ್ತು. ನಿಂತರೆ ಸಣ್ಣ ನೊಣಗಳು ಕಚ್ಚುತ್ತವೆ. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಕಚ್ಚಿದಲ್ಲಿ ರಕ್ತದ ಚುಕ್ಕೆ, ಆಮೇಲೆ ವಾರಗಟ್ಟಲೆ ತುರಿಕೆ. ಅರ್ಧ ತೋಳಿನ ಅಂಗಿ ಹಾಕಿದ್ದು ತಪ್ಪಾಯಿತು. "ಅಕ್ಕಾ, ಇಲ್ಲೇ ಕೂತ್ಕೋ, ನಾನು ನೀರು ತರ್ತೀನಿ" ಅಂತ ತಮ್ಮ ಸಾಂತಾ ರೋಸಾ ಕ್ಯಾಂಪಿಗೆ ಮುಂದೆ ಹೋದ. ಒಂದು ಬಂಡೆಯ ಅಂಗೈಯಗಲ ನೆರಳಿಗೆ ತಲೆ ಕೊಟ್ಟು ಕಾಯುತ್ತಾ ಕೂತೆ. ಏರಿನ ತುದಿಯ ಮರಂಪಾಟಾ ಹಳ್ಳಿ ಸೇರಿದಾಗ ಸಂಜೆ. ಒಂದು ಮನೆಯಲ್ಲಿ ಆಲೂಗಡ್ಡೆ, ಕಿನ್ವಾ ಹಾಕಿದ ಸೂಪ್ ಕೊಟ್ಟರು.

ವಾಪಸ್ಸು ಬರುವಾಗ ರಾತ್ರಿ ಮೂರೂವರೆಗೆ ತಲೆಗೆ ಟಾರ್ಚ್ ಕಟ್ಟಿ ಹೊರಟೆವು. ಅಷ್ಟೇ ಏರು, ಅದೇ ಕಾಲು. ಏನೂ ಕಷ್ಟ ಆಗಲಿಲ್ಲ.

ಆದರೆ ನಡುವಿನ ಆ ಒಂದು ದಿನ! ಬೆಳಗ್ಗೆ ಏಳರಿಂದ ಸಂಜೆಯವರೆಗೆ ಚೊಕೆಕಿರಾವ್‌ನಲ್ಲಿ ನಾವು ಕಂಡದ್ದು ಒಂಬತ್ತು ಜನ. ಮಾಚು ಪಿಚುಗೆ ದಿನಕ್ಕೆ ಸಾವಿರಾರು ಜನ ಬರುತ್ತಾರೆ ಅಲ್ವಾ? ಇಲ್ಲಿ ಚೌಕದ ಗೋಡೆಗೊರಗಿ ಬೇಕಾದಷ್ಟು ಹೊತ್ತು ಕೂತೆ, ಸ್ಕೆಚ್ ಪುಸ್ತಕದಲ್ಲಿ ಹನ್ನೆರಡು ಪುಟ ಬರೆದೆ. ಕಾಂಡೋರ್ ಹದ್ದು ನಮಗಿಂತ ಕೆಳಗೆ, ಕಣಿವೆಯಲ್ಲಿ ಹಾರುತ್ತಿತ್ತು. ಊರಿನ ಹೆಚ್ಚಿನ ಭಾಗ ಇನ್ನೂ ಕಾಡಿನಡಿಯಲ್ಲೇ ಇದೆ. ಕಡಿದಾದ ಮೆಟ್ಟಿಲು ಇಳಿದರೆ ಲಾಮಾ ಗೋಡೆಗಳು. ಲಾಮಾ ಅಂದರೆ ಅಲ್ಲಿನ ಹೇರು ಹೊರುವ, ಒಂಟೆ ಜಾತಿಯ ಪ್ರಾಣಿ. ಕಪ್ಪುಕಲ್ಲಿನ ಗೋಡೆಯಲ್ಲಿ ಬಿಳಿಕಲ್ಲು ಕೂರಿಸಿ ಮಾಡಿದ ಲಾಮಾಗಳು, ಸಾಲಾಗಿ ನಡೆಯುತ್ತಿವೆ. ಇಳಿಯಲು ಒಂದು ಗಂಟೆ ಹೋದರೂ ಬಿಡಬೇಡಿ.

ಖರ್ಚು ನಮಗೆ ಪೆರುವಿನಲ್ಲೇ ಕಮ್ಮಿ ಆಯಿತು, ಯಾಕೆಂದರೆ ಟೆಂಟ್ ನಮ್ಮದೇ ಇತ್ತು. ಟೆಂಟ್ ಇಲ್ಲದವರಿಗೆ, ಎಲ್ಲವನ್ನೂ ತಾವೇ ಹೊಂದಿಸುವುದು ಬೇಡ ಅನ್ನುವವರಿಗೆ ಸಿಯುದಾದ್ ಪೆರ್ದಿದಾ ಸುಲಭ. ಸೆಪ್ಟೆಂಬರ್‌ನಲ್ಲಿ ಮಾತ್ರ ಅಲ್ಲಿಗೆ ಹೋಗುವ ಯೋಚನೆ ಬೇಡ, ಅಲ್ಲಿನ ಮೂಲ ಜನರ ಶುದ್ಧೀಕರಣ ವಿಧಿಗಳಿಗಾಗಿ ದಾರಿ ಮುಚ್ಚಿರುತ್ತದೆ. ಎರಡರಲ್ಲಿ ಯಾವುದಕ್ಕೆ ಹೋದರೂ ಹಳದಿ ಜ್ವರದ ಲಸಿಕೆ ಹಾಕಿಸಿ, ಆ ಕಾರ್ಡ್ ಜೊತೆಗೇ ಇಟ್ಟುಕೊಳ್ಳಿ. ನೇರ ಭಾರತಕ್ಕೆ ಬಂದಿಳಿಯುವಾಗ ಕೇಳುತ್ತಾರೆ.

ಚೊಕೆಕಿರಾವ್‌ಗೆ ಕೇಬಲ್ ಕಾರ್ ಹಾಕುವ ಮಾತು ವರ್ಷಗಳಿಂದ ನಡೆಯುತ್ತಿದೆ. ಅದು ಬರುವ ಮೊದಲು ಇನ್ನೊಮ್ಮೆ ಹೋಗಬೇಕು, ಈ ಸಲ ಅಲ್ಲಿ ಎರಡು ದಿನ ಇರಬೇಕು ಅಂತ ತಮ್ಮನಿಗೆ ಆಗಲೇ ಹೇಳಿದ್ದೇನೆ.