ಪೆಟ್ಟು ಬಿದ್ದ ಮಂಡಿ, ಮತ್ತೆ ಸೈಕಲ್: ವಿಶ್ರಾಂತಿ, ನೀ ಕ್ಯಾಪ್, ಸೀಟು, ಗೇರು, ವ್ಯಾಯಾಮ

ಸೈಕಲ್ಲಿನಿಂದ ಬಿದ್ದು ಬಲಮಂಡಿಗೆ ಪೆಟ್ಟಾದಾಗ ಮೇಲಿನ ಗಾಯ ಎರಡು ವಾರದಲ್ಲಿ ಮಾಯಿತು. ಮೂಳೆಗೂ ಲಿಗಮೆಂಟಿಗೂ ಏನೂ ಆಗಿಲ್ಲ ಅಂತ ಡಾಕ್ಟರು ನೋಡಿ ಹೇಳಿದ್ದರು. ಆದರೂ ನಾಲ್ಕು ತಿಂಗಳು ಕಳೆದ ಮೇಲೂ ಅರ್ಧ ಗಂಟೆ ತುಳಿದರೆ ಮಂಡಿಚಿಪ್ಪಿನ ಸುತ್ತ ನೋವು ಶುರು. ಮೆಟ್ಟಿಲು ಇಳಿಯುವಾಗಲಂತೂ ಕಂಬಿ ಹಿಡಿಯಬೇಕಿತ್ತು. ಒಬ್ಬೊಬ್ಬರು ಒಂದೊಂದು ದಾರಿ ಹೇಳಿದರು. ಯಾವುದರಿಂದ ಏನಾಯಿತು ಅಂತ ತಿಳಿಯಲಿ ಎಂದು ಒಂದಾದ ಮೇಲೆ ಒಂದು ಮಾಡಿ ನೋಡಿದೆ.

ಮೊದಲು ವಿಶ್ರಾಂತಿ. ಆರು ವಾರ ಸೈಕಲ್ ಮುಟ್ಟಲಿಲ್ಲ, ನೋವು ಪೂರ್ತಿ ಹೋಯಿತು. ಮತ್ತೆ ಹತ್ತಿದ ದಿನ ಎಂಟನೇ ಕಿಲೋಮೀಟರಿಗೆ ವಾಪಸ್ ಬಂತು. ಮಂಡಿಚಿಪ್ಪಿನಿಂದ 10 ಸೆಂ.ಮೀ. ಮೇಲೆ ಟೇಪು ಸುತ್ತಿ ಎರಡೂ ತೊಡೆ ಅಳೆದೆ. ಬಲಗಡೆಯದು 2 ಸೆಂ.ಮೀ. ಸಣ್ಣ! ಮಂಡಿಯೊಳಗೆ ಊತವಿದ್ದರೆ ತೊಡೆಯ ಮುಂಭಾಗದ ಸ್ನಾಯು ಪೂರ್ತಿ ಬಿಗಿಯಾಗದಂತೆ ನರಗಳೇ ತಡೆಯುತ್ತವೆ. ಅದರ ಮೇಲೆ ಆರು ವಾರ ಸುಮ್ಮನೆ ಕೂತರೆ ಆ ಸ್ನಾಯು ಇನ್ನಷ್ಟು ಕರಗುತ್ತದೆ. ಹೊಸ ಊತಕ್ಕೆ ವಿಶ್ರಾಂತಿ ಬೇಕೇ ಬೇಕು. ಹಳೆಯ ನೋವಿಗೆ ಅದೊಂದನ್ನೇ ನಂಬಿದ್ದು ನನ್ನ ತಪ್ಪು.

ಮಂಡಿಗೆ ಬಿಗಿಯಾಗಿ ತೊಡುವ ಪಟ್ಟಿ, ಅಂದರೆ ನೀ ಕ್ಯಾಪ್, ಮಂಡಿಯನ್ನು ಬೆಚ್ಚಗಿಟ್ಟಿತು, ಬಿದ್ದ ಮೇಲೆ ಕೂತಿದ್ದ ಭಯವನ್ನೂ ಸ್ವಲ್ಪ ಕಳೆಯಿತು. ಅದನ್ನು ಬಿಚ್ಚಿದ ಮೇಲೆ ನೋವು ಮಾತ್ರ ಇದ್ದಷ್ಟೇ ಇತ್ತು.

ಆಮೇಲೆ ಸೀಟು. ಇಲ್ಲಿ ನನ್ನ ಕಣ್ಣು ತೆರೆಯಿತು. ಬಿದ್ದ ಮೇಲೆ, ಬೇಕೆಂದಾಗ ಎರಡೂ ಕಾಲು ನೆಲಕ್ಕೆ ಊರಲಿ ಎಂದು ನಾನೇ ಸೀಟನ್ನು ತಗ್ಗಿಸಿಕೊಂಡಿದ್ದೆ, ಆಮೇಲೆ ಅದನ್ನು ಮರೆತೇಬಿಟ್ಟಿದ್ದೆ. ಸೀಟು ತಗ್ಗಿದ್ದರೆ ಪೆಡಲ್ ಮೇಲೆ ಬಂದಾಗ ಮಂಡಿ ಅತಿಯಾಗಿ ಮಡಚುತ್ತದೆ, ಮಂಡಿಚಿಪ್ಪು ತೊಡೆಮೂಳೆಗೆ ಒತ್ತುತ್ತದೆ. ಪ್ರತಿ ಸುತ್ತಿನಲ್ಲೂ ಅದೇ ಒತ್ತಡ. ಒಂದೇ ಸಲ 2 ಸೆಂ.ಮೀ. ಏರಿಸಿದೆ. ಮಂಡಿಯ ಮುಂಭಾಗದ ನೋವು ಇಳಿಯಿತು, ಆದರೆ ಮಂಡಿಯ ಹಿಂಭಾಗ ಸೆಳೆಯತೊಡಗಿತು. ಸೀಟು ಹೆಚ್ಚು ಎತ್ತರವಾದರೆ ಆಗುವುದು ಅದೇ. ಮತ್ತೆ ಇಳಿಸಿ, 5 ಮಿ.ಮೀ.ನಂತೆ ಏರಿಸುತ್ತಾ, ಪ್ರತಿ ಎತ್ತರದಲ್ಲೂ ಮೂರು ಸವಾರಿ ಮಾಡಿದೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಕ್ಕೆ ತುಳಿದಾಗ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ, ಪೆಡಲ್ ಕೆಳಗಿರುವ ಹೊತ್ತಿನಲ್ಲಿ, ಮಂಡಿ ಸುಮಾರು 25ರಿಂದ 35 ಡಿಗ್ರಿ ಬಾಗಿರಬೇಕು. ಆ ಎತ್ತರ ಸಿಕ್ಕಿದ ವಾರವೇ, ಹತ್ತಕ್ಕೆ ಆರು ಅನ್ನಿಸುತ್ತಿದ್ದ ನೋವು ನಾಲ್ಕಕ್ಕೆ ಇಳಿಯಿತು.

ಗೇರಿನ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ ಎಂಬುದು ನನಗೆ ಬೇಸರ. ಭಾರದ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯುವುದು ನನ್ನ ಹಳೇ ಅಭ್ಯಾಸ. ಹಗುರ ಗೇರಿಗೆ ಇಳಿದು 85 ಸುತ್ತು ತುಳಿದರೆ ವೇಗ ಅಷ್ಟೇ ಇರುತ್ತದೆ, ಒಂದೊಂದು ತುಳಿತಕ್ಕೆ ಬೇಕಾದ ಬಲ ಮಾತ್ರ ಸುಮಾರು 30 ಶೇಕಡಾ ಕಡಿಮೆಯಾಗುತ್ತದೆ. ಮೊದಲ ವಾರ ಏದುಸಿರು ಬಂತು. ಆದರೆ ಸೀಟು ಮತ್ತು ಗೇರು ಎರಡೂ ಸೇರಿ 30 ಕಿಲೋಮೀಟರ್ ತನಕ ನೋವಿಲ್ಲದೆ ಕರೆದೊಯ್ದವು. ಏರು ಸಿಕ್ಕರೆ, ಇಲ್ಲವೇ 40 ದಾಟಿದರೆ, ನೋವು ಮತ್ತೆ ಹಾಜರ್.

ಆ ಗೆರೆ ದಾಟಿಸಿದ್ದು ವ್ಯಾಯಾಮ, ಅದೂ ಬಹಳ ನಿಧಾನವಾಗಿ. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿಯಲ್ಲಿ ಕೂತಂತೆ 45 ಸೆಕೆಂಡು ನಿಲ್ಲುವುದು, ದಿನ ಬಿಟ್ಟು ದಿನ ಐದು ಸಲ. ನಂತರ ಗಿಡ್ಡ ಮೆಟ್ಟಿಲಿನ ಮೇಲೆ ನೋವಿನ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗುವಷ್ಟು ಮೆಲ್ಲಗೆ ಇಳಿಯುವುದು. ಮಂಡಿ ಒಳಕ್ಕೆ ವಾಲದಂತೆ ಕನ್ನಡಿ ನೋಡಿಕೊಂಡು ಮಾಡಿದೆ. ಫಿಸಿಯೋಥೆರಪಿಸ್ಟ್ ಕೊಟ್ಟ ಅಳತೆಗೋಲು ಬಲು ಉಪಕಾರಿ: ಮಾಡುವಾಗ ನೋವು ಹತ್ತಕ್ಕೆ ಮೂರನ್ನು ಮೀರಬಾರದು, ಮರುದಿನ ಬೆಳಿಗ್ಗೆಗೆ ತಣಿದಿರಬೇಕು. ಮೂರು ವಾರ ಏನೂ ಬದಲಾಗಲಿಲ್ಲ. ಬಿಟ್ಟುಬಿಡೋಣ ಅನ್ನಿಸಿದ್ದು ಆಗಲೇ. ಆರನೇ ವಾರ ಕಂಬಿ ಹಿಡಿಯದೆ ಮೆಟ್ಟಿಲು ಇಳಿದೆ. ಹನ್ನೆರಡನೇ ವಾರ ತೊಡೆಗಳ ವ್ಯತ್ಯಾಸ ಅರ್ಧ ಸೆಂ.ಮೀ.ಗೆ ಬಂತು, ಏರುಗಳಿದ್ದ 60 ಕಿಲೋಮೀಟರ್ ಮುಗಿಸಿದೆ.

ಈ ನೋವಿರುವವರು ಇವತ್ತೇ ಏನಾದರೂ ಮಾಡಬೇಕೆಂದರೆ ಸೀಟು ನೋಡಿ, ಗೇರು ಇಳಿಸಿ. ವ್ಯಾಯಾಮವನ್ನೂ ಇವತ್ತೇ ಶುರು ಮಾಡಿ, ಏಕೆಂದರೆ ಅದರ ಫಲ ತಡ. ಆದರೆ ಮಂಡಿ ಸಿಕ್ಕಿಹಾಕಿಕೊಂಡಂತಾದರೆ, ನಡೆಯುವಾಗ ಕೈಕೊಟ್ಟು ಕುಸಿದರೆ ಅಥವಾ ಮತ್ತೆ ಮತ್ತೆ ಊದಿದರೆ ಇವ್ಯಾವುದೂ ಬೇಡ, ಡಾಕ್ಟರಿಗೆ ತೋರಿಸಿ.

ಸೀಟಿನ ಕಂಬಕ್ಕೆ ಈಗ ಕಪ್ಪು ಟೇಪು ಸುತ್ತಿ ಎತ್ತರ ಗುರುತಿಟ್ಟಿದ್ದೇನೆ. ಮೆಟ್ಟಿಲಿನ ವ್ಯಾಯಾಮ ವಾರಕ್ಕೆ ಎರಡು ಸಲ ನಡೆದಿದೆ. ನಡುವೆ ಒಂದು ತಿಂಗಳು ಬಿಟ್ಟಿದ್ದೆ. 50ನೇ ಕಿಲೋಮೀಟರಿಗೆ ಮಂಡಿ ಅದನ್ನು ನೆನಪಿಸಿತು.