ಸಿ ಭಾಷೆಯ ಕಾಸ್ಟ್ ಮ್ಯಾಕ್ರೋ: ಮೇಲಕ್ಕೊಂದು ದಾರಿ, ಕೆಳಕ್ಕೊಂದು ದಾರಿ

ನನ್ನದೊಂದು ಪುಟ್ಟ ಡ್ರಾಯಿಂಗ್ ಪ್ರೋಗ್ರಾಂ ಇದೆ. ಅದರಲ್ಲಿ 'ಆಕಾರ' ಅನ್ನೋ ಸ್ಟ್ರಕ್ಟ್ (ಹಲವು ಫೀಲ್ಡ್ ಒಟ್ಟಿಗೆ ಇಡುವ ಟೈಪ್). 'ವೃತ್ತ', 'ಚೌಕ' ಎರಡೂ ಅದನ್ನೇ 'ಬೇಸ್' ಹೆಸರಿನ ಮೊದಲ ಫೀಲ್ಡ್ ಆಗಿ ಇಟ್ಟುಕೊಂಡಿವೆ.

ಕಾಸ್ಟ್ ಅಂದರೆ ಒಂದು ಟೈಪಿನ ಪಾಯಿಂಟರನ್ನು (ಮೆಮೊರಿ ವಿಳಾಸವನ್ನು) ಇನ್ನೊಂದು ಟೈಪಿನದು ಅಂತ ಪರಿಗಣಿಸುವುದು; ಮ್ಯಾಕ್ರೋ ಅಂದರೆ ಕಂಪೈಲ್ ಆಗುವ ಮುಂಚೆ ಪೂರ್ತಿ ಕೋಡ್ ಆಗಿ ಬಿಚ್ಚಿಕೊಳ್ಳುವ ಚುಟುಕು ಹೆಸರು. ಶುರುವಿನಲ್ಲಿ ಸುಮ್ನೆ ಕಾಸ್ಟ್ ಮಾಡುವ ಮ್ಯಾಕ್ರೋ ಬರೆದುಕೊಂಡಿದ್ದೆ. ಒಂದು ದಿನ ತಪ್ಪಿ ಚೌಕವನ್ನು ವೃತ್ತ ಅಂತ ಕೊಟ್ಟೆ. ಚೌಕದ ಬದಿ 40. ವೃತ್ತದಲ್ಲಿ ತ್ರಿಜ್ಯ ಇರುವುದೂ ಅದೇ ಜಾಗದಲ್ಲಿ, ಎರಡೂ ಇಂಟ್ (ಪೂರ್ಣಾಂಕ). ವಾರ್ನಿಂಗ್ ಇಲ್ಲ, ಕ್ರ್ಯಾಶ್ ಇಲ್ಲ. ಚೌಕ ಬರಬೇಕಾದ ಕಡೆ ಅಚ್ಚುಕಟ್ಟಾದ ವೃತ್ತ ಬಂದು ಕೂತಿತ್ತು! ಕ್ರ್ಯಾಶ್ ಆಗಿದ್ದರೆ ಬೇಗ ಸಿಗುತ್ತಿತ್ತು. ಇದಕ್ಕೆ ಇಡೀ ಸಂಜೆ ಹೋಯಿತು.

ಆಮೇಲೆ ಸಿ11ರ (ಸಿ ಭಾಷೆಯ 2011ರ ಆವೃತ್ತಿ) ಜೆನೆರಿಕ್ ಹಿಡಿದೆ. ಕೊಟ್ಟ ಟೈಪ್ ನೋಡಿ ಪಟ್ಟಿಯಿಂದ ಒಂದನ್ನು ಆರಿಸುವ ಸೌಲಭ್ಯ ಅದು. ಪಟ್ಟಿಯಲ್ಲಿಲ್ಲದ ಟೈಪ್ ಕೊಟ್ಟರೆ ಕಂಪೈಲೇ ಆಗಲ್ಲ, ಖುಷಿಯಾಯಿತು. ಆದರೆ ಕಾನ್ಸ್ಟ್ (ಬದಲಿಸುವಂತಿಲ್ಲದ ಡೇಟಾದ) ಪಾಯಿಂಟರ್‌ಗೆ ಬೇರೆ ಸಾಲು, ಹೊಸ ಆಕಾರ ಬಂದಾಗಲೆಲ್ಲ ಮತ್ತೊಂದು ಸಾಲು. ಅದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ಕೈಯಲ್ಲಿರುವುದು ಆಕಾರದ ಪಾಯಿಂಟರ್ ಆದರೆ, ಒಳಗಿರುವುದು ಚೌಕವೋ ವೃತ್ತವೋ ಕಂಪೈಲರ್‌ಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಹಾಗಾಗಿ ಟ್ಯಾಗ್, ಅಂದರೆ ಇದು ಯಾವ ಆಕಾರ ಅಂತ ಒಳಗೇ ಬರೆದಿಡುವ ಗುರುತು, ಬೇಕೇ ಬೇಕು. ಟ್ಯಾಗ್ ತಪ್ಪಿದರೆ ಏನು ಮಾಡಬೇಕು ಅನ್ನುವಲ್ಲಿ ಎರಡು ಪದ್ಧತಿ ನೋಡಿದೆ. ಜಿಆಬ್ಜೆಕ್ಟ್ (ಸಿಯಲ್ಲಿ ಆಬ್ಜೆಕ್ಟ್ ಕಟ್ಟಲು ಜಿಲಿಬ್ ಲೈಬ್ರರಿಯ ಜೊತೆ ಬರುವ ವ್ಯವಸ್ಥೆ) ಎಚ್ಚರಿಕೆ ಮುದ್ರಿಸಿ, ಅದೇ ತಪ್ಪು ಪಾಯಿಂಟರನ್ನು ವಾಪಸ್ ಕೊಡುತ್ತದೆ. ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ಕ್ಯೂಎಮುನಲ್ಲಿ ಕಾಸ್ಟ್ ಡೀಬಗ್ ಆನ್ ಇದ್ದರೆ ಪ್ರೋಗ್ರಾಂ ಅಲ್ಲೇ ಅಬಾರ್ಟ್. ನನಗೆ ಎರಡನೆಯದೇ ಸರಿ ಅನ್ನಿಸಿತು. ಟರ್ಮಿನಲ್‌ನಲ್ಲಿ ಓಡಿಹೋಗುವ ಎಚ್ಚರಿಕೆಯನ್ನು ನಾನಂತೂ ಓದಲ್ಲ.

ಇಲ್ಲೂ ಒಮ್ಮೆ ಎಡವಿದೆ. ನನ್ನ ಮ್ಯಾಕ್ರೋ ಆರ್ಗ್ಯುಮೆಂಟನ್ನು ಎರಡು ಸಲ ಬಳಸುತ್ತಿತ್ತು, ಟ್ಯಾಗ್ ನೋಡಲು ಒಮ್ಮೆ, ಕಾಸ್ಟ್ ಮಾಡಲು ಒಮ್ಮೆ. 'ವೃತ್ತವಾಗಿ(ಮುಂದಿನದು(ಪಟ್ಟಿ))' ಅಂತ ಕರೆದೆ. ಪಟ್ಟಿ ಎರಡು ಹೆಜ್ಜೆ ಮುಂದೆ ಹೋಯಿತು. ಒಂದರ ಟ್ಯಾಗ್ ನೋಡಿ ಇನ್ನೊಂದನ್ನು ಕೈಗಿಟ್ಟಿತು! ಮ್ಯಾಕ್ರೋ ತೆಗೆದು ಸ್ಟ್ಯಾಟಿಕ್ ಇನ್‌ಲೈನ್ ಫಂಕ್ಷನ್ ಮಾಡಿದ ಮೇಲೆ ಸರಿಹೋಯಿತು; ಫಂಕ್ಷನ್ ಆದರೆ ಆರ್ಗ್ಯುಮೆಂಟನ್ನು ಒಂದೇ ಸಲ ಲೆಕ್ಕ ಹಾಕುತ್ತದೆ. ಜಿಲಿಬ್‌ನ ಹೊಸ ಡಿಕ್ಲೇರ್ ಮ್ಯಾಕ್ರೋಗಳೂ ಇಂಥ ಫಂಕ್ಷನ್‌ಗಳನ್ನೇ ಹುಟ್ಟಿಸುತ್ತವೆ.

ಮೇಲಕ್ಕೆ, ಅಂದರೆ ವೃತ್ತದಿಂದ ಆಕಾರಕ್ಕೆ ಹೋಗಲು, ಈಗ ಕಾಸ್ಟೇ ಮಾಡಲ್ಲ. '&ವೃ->ಬೇಸ್' ಅಂತ ಬರೆದರೆ ಸಾಕು; ಬೇಸ್ ಇಲ್ಲದ ಸ್ಟ್ರಕ್ಟ್ ಕೊಟ್ಟರೆ ಕಂಪೈಲರ್ ನಿಲ್ಲಿಸುತ್ತದೆ. ಮೂರು ಹಂತವಿದ್ದರೆ 'ಬೇಸ್.ಬೇಸ್' ಅಂತ ಉದ್ದವಾಗುತ್ತದೆ, ಆಗಲಿ. ಕೆಳಕ್ಕೆ ಇಳಿಯಲು ಮಾತ್ರ ಟ್ಯಾಗ್ ನೋಡುವ ಫಂಕ್ಷನ್. ಬೇಸ್ ಮೊದಲ ಫೀಲ್ಡೇ ಆಗಿರಲಿ ಅಂತ ಆಫ್‌ಸೆಟ್ (ಸ್ಟ್ರಕ್ಟ್ ಶುರುವಿನಿಂದ ಇರುವ ದೂರ) 0 ಇದೆಯಾ ನೋಡುವ ಒಂದು ಸ್ಟ್ಯಾಟಿಕ್ ಅಸರ್ಟ್ (ಕಂಪೈಲ್ ಆಗುವಾಗಲೇ ನಡೆಯುವ ಪರೀಕ್ಷೆ) ಹಾಕಿದ್ದೇನೆ. ಹೋದ ವಾರ ಚೌಕಕ್ಕೆ ಬಣ್ಣದ ಫೀಲ್ಡ್ ಸೇರಿಸುವಾಗ ಬೇಸ್‌ಗಿಂತ ಮೇಲೆ ಬರೆದುಬಿಟ್ಟಿದ್ದೆ. ಬಿಲ್ಡ್ ಅಲ್ಲೇ ನಿಂತಿತು.